ಟಿಕ್ ಟಿಕ್ ಫ್ಲ್ಯಾಷರ್ ಮತ್ತು ಸುಳ್ಳು ಹೇಳುವ ರೆಸಿಸ್ಟರ್

ಸೇಡಂ, ವಾಡಿಯಿಂದ ಸಿಮೆಂಟು, ಶಹಾಬಾದಿನಿಂದ ಫರ್ಸಿ ಕಲ್ಲು, ಚಿತ್ತಾಪುರ, ಚಿಂಚೋಳಿಯ ಹೊಲಗಳಿಂದ ತೊಗರಿ... ನಮ್ಮ ಕಡೆಯ ರಸ್ತೆ ತುಂಬಾ ಲಾರಿಗಳೇ. ರಾತ್ರಿ ಹೊತ್ತು ಮುಂದಿನ ಲಾರಿ ಎತ್ತ ತಿರುಗುತ್ತೆ ಅಂತ ಹಿಂದಿನ ಬೈಕಿನವನಿಗೆ ಹೇಳೋದು ಒಂದು ಹಳದಿ ದೀಪ. ಗೆಳೆಯರೇ, ಇವತ್ತು ಆ ದೀಪದ ಇತಿಹಾಸ ಸ್ವಲ್ಪ ನೋಡೋಣ.

ಮೊದಲೆಲ್ಲ ಡ್ರೈವರು ಕೈ ಹೊರಗೆ ಚಾಚಬೇಕಿತ್ತು. ಕೆಲವು ಕಾರುಗಳಲ್ಲಿ ಬಾಗಿಲ ಪಕ್ಕದಿಂದ ಪುಟ್ಟ ತೋಳೊಂದು ಎದ್ದು ನಿಲ್ಲುತ್ತಿತ್ತು. 1939ರಲ್ಲಿ ಅಮೆರಿಕದ ಬ್ಯೂಕ್ ಕಾರುಗಳಲ್ಲಿ ಮಿನುಗುವ ಇಂಡಿಕೇಟರ್ ಬಂತು. ಹಳೆಯ ಫ್ಲ್ಯಾಷರ್ ಡಬ್ಬಿಯ ಒಳಗೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತಿತ್ತು. ಬಲ್ಬಿನ ಕರೆಂಟಿಗೆ ಕಾದು ಬಾಗುತ್ತೆ, ದೀಪ ಆರುತ್ತೆ. ತಣ್ಣಗಾದರೆ ಮತ್ತೆ ಕೂಡುತ್ತೆ. ಟಿಕ್ ಟಿಕ್ ಸದ್ದು ಅದರದ್ದೇ! ಬಲ್ಬೊಂದು ಸುಟ್ಟರೆ ಕರೆಂಟು ಕಮ್ಮಿಯಾಗಿ ಲಯ ಕೆಡುತ್ತಿತ್ತು. ಮುಂದೆ ಎಲೆಕ್ಟ್ರಾನಿಕ್ ಫ್ಲ್ಯಾಷರ್ ಬಂದಾಗಲೂ ಈ ಗುಣವನ್ನು ಬೇಕಂತಲೇ ಉಳಿಸಿಕೊಂಡರು. ಬಲ್ಬು ಹೋದರೆ ಟಿಕ್ ಟಿಕ್ ಸುಮಾರು ಇಮ್ಮಡಿ ವೇಗ. ಅಂದರೆ ಅದು ಡ್ರೈವರಿಗೆ ಸುದ್ದಿ: ‘ಇಳಿದು ನೋಡಪ್ಪಾ, ಒಂದು ದೀಪ ಸತ್ತಿದೆ.’

1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದರು. ಅದರ ವಂಶದ ದೀಪಗಳು ಕೆಲವು ದಶಕಗಳಲ್ಲಿ ಗಾಡಿಗಳಿಗೂ ಬಂದವು. 21 ವಾಟಿನ ಬಲ್ಬಿನ ಜಾಗದಲ್ಲಿ ಎರಡು-ಮೂರು ವಾಟು ಸಾಕು. ಆದರೆ ಹಳೇ ಫ್ಲ್ಯಾಷರಿಗೆ ಇದು ಅರ್ಥವಾಗಲ್ಲ. ಕರೆಂಟು ಕಮ್ಮಿ ಕಂಡ ಕೂಡಲೇ ಬಲ್ಬು ಸತ್ತಿತು ಅಂತ ಗಡಿಬಿಡಿ ಮಾಡುತ್ತೆ.

ಅದನ್ನು ಸುಮ್ಮನಾಗಿಸಲು ಬಂದದ್ದೇ ಲೋಡ್ ರೆಸಿಸ್ಟರ್. ಎಲ್‌ಇಡಿಗೆ ಸಮಾನಾಂತರವಾಗಿ ಜೋಡಿಸಿದರೆ ಬಲ್ಬಿನಷ್ಟೇ ಕರೆಂಟು ಎಳೆಯುತ್ತೆ. ಕಾರಿಗೆ ಸಾಮಾನ್ಯವಾಗಿ ಹಾಕೋದು 6 ಓಮ್, 50 ವಾಟಿನದ್ದು. 12 ವೋಲ್ಟಿಗೆ 2 ಆಂಪಿಯರ್, 24 ವಾಟು. ಅಷ್ಟೂ ಬರೀ ಕಾವು! ಪ್ಲಾಸ್ಟಿಕ್ಕಿಗೋ ವೈರಿಗೋ ತಾಗಿದರೆ ಕರಗಿಸುತ್ತೆ. ಲೋಹದ ಮೈಗೇ ಬಿಗಿಯಬೇಕು.

ಲಾರಿಯದು ಇನ್ನೊಂದು ಲೆಕ್ಕ. ಅಲ್ಲಿರೋದು 24 ವೋಲ್ಟು. ಅದೇ 6 ಓಮ್ ಹಾಕಿದರೆ 4 ಆಂಪಿಯರ್, 96 ವಾಟು. 50 ವಾಟಿನ ರೆಸಿಸ್ಟರ್ ತಡೆಯುತ್ತಾ? ಲಾರಿಯ 21 ವಾಟಿನ ಬಲ್ಬಿಗೆ ಸಮ ಆಗಬೇಕಾದರೆ ಸುಮಾರು 27 ಓಮ್ ಬೇಕು.

ನನ್ನನ್ನು ಕಾಡೋದು ಕಾವಲ್ಲ, ಸುಳ್ಳು. ನಾಳೆ ಎಲ್‌ಇಡಿ ನಿಜವಾಗಿಯೂ ಕೆಟ್ಟರೂ ರೆಸಿಸ್ಟರ್ ಕರೆಂಟು ಎಳೆಯುತ್ತಲೇ ಇರುತ್ತೆ, ಕ್ಯಾಬಿನ್ನಿನಲ್ಲಿ ಟಿಕ್ ಟಿಕ್ ನೆಟ್ಟಗೇ ಕೇಳುತ್ತೆ. ಹಿಂದೆ ಬರೋನಿಗೆ ಮಾತ್ರ ಕತ್ತಲೆ. ಕರೆಂಟಿನ ಗೊಡವೆಯೇ ಇಲ್ಲದ ಎಲ್‌ಇಡಿ ಫ್ಲ್ಯಾಷರ್ ಹಾಕಿದರೆ ಕಾವಿನ ಕಾಟ ತಪ್ಪುತ್ತೆ. ಆದರೆ ಅಂಥದ್ದೂ ಸತ್ತ ದೀಪದ ಸುದ್ದಿ ಹೇಳಲ್ಲ.

ಅದಕ್ಕೇ ಹೇಳೋದು, ಎಲ್‌ಇಡಿ ಹಾಕಿಸಿದ ಗಾಡಿ ಹೊರಡೋ ಮುಂಚೆ ಇಂಡಿಕೇಟರ್ ಹಾಕಿ ಒಂದು ಸುತ್ತು ಬಂದು ನೋಡಬೇಕು. ಫ್ಲ್ಯಾಷರ್ ಇಷ್ಟು ವರ್ಷ ಮಾಡಿದ ಕೆಲಸ ಈಗ ನಮ್ಮ ಕಣ್ಣಿನದು. ಏನಂತೀರಿ?