ರೇಡಿಯೋದ ಕಿವಿ ಹಿಂಡಿದರೆ

ನಮ್ಮ ಜಾಲಹಳ್ಳಿಯ ಬಿಇಎಲ್ ಶುರುವಾಗಿದ್ದು 1954ರಲ್ಲಿ, ಸೇನೆಯ ಉಪಕರಣಗಳಿಗಾಗಿ. 1961ರಲ್ಲಿ ಅಲ್ಲಿ ರೇಡಿಯೋ ವಾಲ್ವ್, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಕೆಯೂ ಆರಂಭವಾಯಿತು. ಆ ಕಾಲದ ರೇಡಿಯೋದಲ್ಲಿ ಹಾಡಿನ ವಿದ್ಯುತ್ ಸಂಕೇತ ವಾಲ್ಯೂಮ್ ನಾಬಿನ ಹಿಂದಿದ್ದ ಕಾರ್ಬನ್ ಪಟ್ಟಿಯ ಮೇಲೇ ಹರಿಯುತ್ತಿತ್ತು. ಧೂಳು ಕೂತರೆ ಕರಕರ ಸದ್ದು, ಒರೆಸಿದರೆ ಮತ್ತೆ ಸರಿ!

ಈಗಿನ ಎಷ್ಟೋ ರಿಸೀವರುಗಳಲ್ಲಿ ನಾಬಿಗೆ ಹಾಡಿನ ಗಾಳಿಯೂ ಸೋಕುವುದಿಲ್ಲ. 'ಒಂದು ಹೆಜ್ಜೆ ಮೇಲೆ' ಅಂತ ಅದು ಮೈಕ್ರೋಕಂಟ್ರೋಲರಿಗೆ ಹೇಳುತ್ತದೆ, ಅಷ್ಟೇ. ಅಲ್ಲಿಂದ ವಾಲ್ಯೂಮ್ ಚಿಪ್ಪಿಗೆ ಒಂದು ಅಂಕಿ ಹೋಗುತ್ತದೆ, ಹಲವುದರಲ್ಲಿ ಫಿಲಿಪ್ಸ್ 1982ರಲ್ಲಿ ರೂಪಿಸಿದ ಐ-ಸ್ಕ್ವೇರ್-ಸಿ ಎಂಬ ಎರಡೇ ತಂತಿಯ ದಾರಿಯಲ್ಲಿ. ರಿಮೋಟ್ ಒತ್ತಿದರೂ, ಫೋನಿನಿಂದ ವೈಫೈಯಲ್ಲಿ ಹೇಳಿದರೂ ಕೊನೆಗೆ ಅದೇ ಅಂಕಿ.

ಆದರೆ ಆ ಮೈಕ್ರೋಕಂಟ್ರೋಲರಿನ ತಂತ್ರಾಂಶ ಕೆಟ್ಟರೆ ಆಂಪ್ಲಿಫೈಯರ್ ಗಟ್ಟಿಯಾಗಿದ್ದೂ ಪೆಟ್ಟಿಗೆ ಮೂಕ. ತಂತ್ರಾಂಶ ಬರೆದೇ ಹೊಟ್ಟೆ ಹೊರೆಯುವ ನಾನು ಇದನ್ನು ಹೇಳಬಾರದೇನೋ :) ಕಂಪನಿ ಅದನ್ನು ಕೊಡದಿದ್ದರೆ ರಿಪೇರಿಯವರು ಏನನ್ನು ಒರೆಸಬೇಕು?