ಐಸ್‌ಲ್ಯಾಂಡ್: ಒಂದು ಪುಟ್ಟ ದೇಶದ ಕ್ರೀಡಾ ಸಂಸ್ಕೃತಿ

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ, ಉತ್ತರ ಧ್ರುವವೃತ್ತಕ್ಕೆ ತಾಗಿಕೊಂಡಂತೆ ಇರುವ ದ್ವೀಪರಾಷ್ಟ್ರ ಐಸ್‌ಲ್ಯಾಂಡ್. ಅದರ ವಿಸ್ತೀರ್ಣ ಸುಮಾರು 1,03,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಜನಸಂಖ್ಯೆ ಮಾತ್ರ ಇಂದಿಗೂ ನಾಲ್ಕು ಲಕ್ಷವನ್ನು ಮುಟ್ಟಿಲ್ಲ. ಮುಂಬಯಿ ಮಹಾನಗರಪಾಲಿಕೆಯ 24 ಆಡಳಿತ ವಾರ್ಡುಗಳಲ್ಲಿ ಸರಾಸರಿ ಒಂದೊಂದರಲ್ಲೂ 2011ರ ಜನಗಣತಿಯಂತೆ ಐದು ಲಕ್ಷಕ್ಕೂ ಹೆಚ್ಚು ಜನರಿದ್ದರು ಎಂಬುದನ್ನು ನೆನೆದರೆ, ಈ ದೇಶ ಎಷ್ಟು ಚಿಕ್ಕದೆಂಬುದು ಮನಸ್ಸಿಗೆ ಬಂದೀತು. ಇಷ್ಟು ಸಣ್ಣ ಜನಸಮುದಾಯವು ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಆಡಿದೆ, ಹ್ಯಾಂಡ್‌ಬಾಲಿನಲ್ಲಿ ಒಲಿಂಪಿಕ್ ಬೆಳ್ಳಿ ಗೆದ್ದಿದೆ, ಚದುರಂಗದ ಲೋಕಕ್ಕೆ ಅಧ್ಯಕ್ಷನನ್ನೇ ಕೊಟ್ಟಿದೆ. ಇದನ್ನು ವೈಕಿಂಗ್ ರಕ್ತದ ಮಹಿಮೆಯೆಂದು ವರ್ಣಿಸುವ ಲೇಖನಗಳು ಹೇರಳವಾಗಿವೆ. ಆದರೆ ರಕ್ತಕ್ಕಿಂತಲೂ ಪುರಸಭೆಗಳ ಮುಂಗಡಪತ್ರವೇ ಇಲ್ಲಿ ಹೆಚ್ಚು ಕೆಲಸ ಮಾಡಿದೆಯೆಂಬುದು ಈ ಲೇಖಕನ ಅಭಿಪ್ರಾಯ.

ಮುಂದೆ ಬರುವ ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು. ಐಸ್‌ಲ್ಯಾಂಡಿನವರಲ್ಲಿ ಬಹುತೇಕರಿಗೆ ಮನೆತನದ ಹೆಸರಿಲ್ಲ. ತಂದೆಯ ಹೆಸರಿನ ಮುಂದೆ ಮಗನಾದರೆ 'ಸನ್', ಮಗಳಾದರೆ 'ದೊಟ್ಟಿರ್' ಎಂದು ಸೇರಿಸುತ್ತಾರೆ. ಆದ್ದರಿಂದ ಒಂದೇ ಮನೆಯ ಅಣ್ಣ ತಂಗಿಯರ ಕೊನೆಯ ಹೆಸರು ಬೇರೆಬೇರೆಯಾಗಿರುತ್ತದೆ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನಷ್ಟೇ ಹೊತ್ತುಕೊಂಡು ಮುಂಬಯಿಗೆ ಬಂದ ಕನ್ನಡಿಗರು ಬ್ಯಾಂಕಿನ ಅರ್ಜಿಯಲ್ಲಿ 'ಸರ್‌ನೇಮ್' ಎಂಬ ಕಲಮಿನ ಮುಂದೆ ಪೆನ್ನು ಹಿಡಿದು ತಡವರಿಸುವುದನ್ನು ಕೌಂಟರಿನ ಈಚೆಯಿಂದ ಎಷ್ಟೋ ಬಾರಿ ಕಂಡ ನನಗೆ ಈ ಪದ್ಧತಿ ಆಪ್ತವೆನಿಸಿತು.

ಐಸ್‌ಲ್ಯಾಂಡಿನ ಸ್ವಂತ ಆಟವೆಂದರೆ ಗ್ಲಿಮಾ ಎಂಬ ಕುಸ್ತಿ. ಇದರಲ್ಲಿ ಇಬ್ಬರೂ ನೆಟ್ಟಗೆ ನಿಂತು, ಸೊಂಟಕ್ಕೂ ತೊಡೆಗೂ ಕಟ್ಟಿದ ಚರ್ಮದ ಪಟ್ಟಿಯನ್ನು ಪರಸ್ಪರ ಹಿಡಿದು, ಸದಾ ಹೆಜ್ಜೆ ಹಾಕುತ್ತ ಸುತ್ತುತ್ತಿರಬೇಕು. ಕಾಲಿನ ಕಡೆಗೆ ನೋಡದೆ ಎದುರಾಳಿಯ ಭುಜದ ಮೇಲಿಂದ ಆಚೆಗೆ ನೋಡಬೇಕು. ಬಿದ್ದವನ ಮೇಲೆ ಬೀಳುವುದು ಅಸಭ್ಯತನ. ರಾಷ್ಟ್ರಮಟ್ಟದ ವಿಜೇತನಿಗೆ 'ಗ್ರೆಟ್ಟಿರನ ಪಟ್ಟಿ'ಯನ್ನು ನೀಡುವ ಸ್ಪರ್ಧೆ 1906ರಲ್ಲಿ ಆರಂಭವಾಯಿತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಗ್ಲಿಮಾದ ಪ್ರದರ್ಶನವೂ ನಡೆಯಿತು.

ಇನ್ನೊಂದು ಪರಂಪರೆ ಕಲ್ಲು ಎತ್ತುವುದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಶ್ಚಿಮ ತೀರದ ಜೂಪಲೋನ್ಸ್‌ಸಂಡುರ್ ಎಂಬ ಕಡಲತಡಿಯಲ್ಲಿ ಇಂದಿಗೂ ನಾಲ್ಕು ಕಲ್ಲುಗಳಿವೆ: 154, 100, 54 ಮತ್ತು 23 ಕಿಲೋಗ್ರಾಂ ತೂಕದವು. ಮೀನುಗಾರಿಕೆಯ ದೋಣಿಗೆ ಆಳಾಗಿ ಸೇರಬಯಸಿದವನು ಇವನ್ನು ಎತ್ತಿ ತನ್ನ ಕಸುವನ್ನು ತೋರಿಸಬೇಕಿತ್ತು. ಅತಿ ದೊಡ್ಡದರ ಹೆಸರು 'ಪೂರ್ಣಬಲ' ಎಂಬರ್ಥದ್ದು, ಅತಿ ಚಿಕ್ಕದರದು 'ಕೈಲಾಗದವ' ಎಂಬರ್ಥದ್ದು. ಅಲ್ಲಿ ಅದು ಆಟವಾಗಿರಲಿಲ್ಲ, ಅನ್ನದ ಪ್ರಶ್ನೆಯಾಗಿತ್ತು. ಈ ನೆಲದಿಂದಲೇ 'ಜಗತ್ತಿನ ಅತಿ ಬಲಶಾಲಿ ಪುರುಷ' ಸ್ಪರ್ಧೆಯನ್ನು ನಾಲ್ಕು ನಾಲ್ಕು ಬಾರಿ ಗೆದ್ದ ಯೋನ್ ಪಾಲ್ ಸಿಗ್ಮಾರ್ಸನ್ ಮತ್ತು ಮಾಗ್ನುಸ್ ವೆರ್ ಮಾಗ್ನುಸ್ಸನ್ ಬಂದರು. 2018ರಲ್ಲಿ ಹಾಫ್‌ಥೋರ್ ಬ್ಯೋರ್ನ್ಸನ್ ಅದೇ ಪಟ್ಟವನ್ನು ಮತ್ತೆ ದೇಶಕ್ಕೆ ತಂದರು.

ಈಜಿನ ಕಥೆ ಇದಕ್ಕಿಂತಲೂ ಗಂಭೀರವಾದುದು. ಶತಮಾನಗಳ ಕಾಲ ಮೀನುಗಾರಿಕೆಯನ್ನೇ ನಂಬಿದ್ದ ಈ ದೇಶದ ಬೆಸ್ತರಲ್ಲಿ ಹೆಚ್ಚಿನವರಿಗೆ ಈಜು ಬರುತ್ತಿರಲಿಲ್ಲ. ದಡ ಕಣ್ಣಿಗೆ ಕಾಣುತ್ತಿದ್ದಂತೆಯೇ ಮುಳುಗಿ ಸತ್ತವರಿಗೆ ಲೆಕ್ಕವಿಲ್ಲ. ಇದನ್ನು ಮನಗಂಡು 1940ರಲ್ಲಿ ಶಾಲೆಗಳಲ್ಲಿ ಈಜನ್ನು ಕಾನೂನಿನ ಮೂಲಕ ಕಡ್ಡಾಯಗೊಳಿಸಲಾಯಿತು. ಭೂಗರ್ಭದ ಬಿಸಿನೀರು ಧಾರಾಳವಾಗಿರುವುದರಿಂದ ಸಣ್ಣಪುಟ್ಟ ಊರುಗಳಲ್ಲಿಯೂ ಬಯಲಿನಲ್ಲಿ ಬಿಸಿನೀರಿನ ಕೊಳಗಳಿವೆ. ಹಿಮ ಬೀಳುತ್ತಿರುವಾಗಲೂ ಮಕ್ಕಳು ಅವುಗಳಲ್ಲಿ ಈಜುತ್ತಾರೆ. 1984ರ ಮಾರ್ಚ್ 11ರ ರಾತ್ರಿ ವೆಸ್ಟ್‌ಮನ್ನಾ ದ್ವೀಪಗಳ ಬಳಿ ಐವರಿದ್ದ ದೋಣಿಯೊಂದು ಮಗುಚಿತು. ನಾಲ್ವರು ಮೃತಪಟ್ಟರು. ಗುಡ್ಲೊಯ್ಗುರ್ ಫ್ರಿಡ್ಥೋರ್ಸನ್ ಎಂಬ ಯುವಕ ಮಾತ್ರ ಐದಾರು ಡಿಗ್ರಿ ತಣ್ಣಗಿದ್ದ ಕಡಲಿನಲ್ಲಿ ಐದು ಗಂಟೆಗಳಿಗೂ ಹೆಚ್ಚು ಕಾಲ ಈಜಿ ದಡ ಸೇರಿ, ಬರಿಗಾಲಿನಲ್ಲಿ ಲಾವಾ ಬಂಡೆಗಳನ್ನು ದಾಟಿ ಊರಿನ ಮನೆಯೊಂದರ ಬಾಗಿಲು ತಟ್ಟಿದರು. ಅವರ ಚರ್ಮದಡಿಯ ಕೊಬ್ಬು ಅಸಾಮಾನ್ಯವಾಗಿ ದಪ್ಪವಾಗಿತ್ತೆಂದು ವೈದ್ಯರು ಅನಂತರ ಕಂಡುಕೊಂಡರು. ಅದು ನಿಜವೇ ಇರಬಹುದು. ಆದರೆ ಈಜು ಬಾರದಿದ್ದರೆ ಆ ಕೊಬ್ಬಿನಿಂದ ಏನೂ ಆಗುತ್ತಿರಲಿಲ್ಲ. ಆ ಘಟನೆಯ ನೆನಪಿಗಾಗಿ ಆರು ಕಿಲೋಮೀಟರ್ ದೂರದ ಈಜನ್ನು ಪ್ರತಿ ವರ್ಷವೂ ಕೊಳದಲ್ಲಿ ನಡೆಸಲಾಗುತ್ತದೆ.

ಒಲಿಂಪಿಕ್ ಪದಕಗಳ ಪಟ್ಟಿ ಚಿಕ್ಕದು. 2024ರ ಪ್ಯಾರಿಸ್ ಕ್ರೀಡಾಕೂಟದವರೆಗೆ ಬಂದದ್ದು ಒಟ್ಟು ನಾಲ್ಕು. ಹೆಸರಿನಲ್ಲಿಯೇ ಹಿಮವಿದ್ದರೂ 2022ರವರೆಗಿನ ಚಳಿಗಾಲದ ಒಲಿಂಪಿಕ್ಸಿನಲ್ಲಿ ಒಂದೂ ದಕ್ಕಿರಲಿಲ್ಲವೆಂಬುದು ವಿಚಿತ್ರ. ಮೊದಲನೆಯ ಪದಕ 1956ರ ಮೆಲ್ಬರ್ನ್‌ನಲ್ಲಿ ಬಂತು. ಇಬ್ಬರೇ ಕ್ರೀಡಾಪಟುಗಳಿದ್ದ ತಂಡದಲ್ಲಿ ಒಬ್ಬರಾದ ವಿಲ್ಯಾಲ್ಮುರ್ ಐನಾರ್ಸನ್ ತ್ರಿವಿಧ ಜಿಗಿತದಲ್ಲಿ 16.26 ಮೀಟರ್ ಜಿಗಿದು, ಬ್ರೆಜಿಲಿನ ಮಹಾನ್ ಆಟಗಾರ ಅಡೆಮಾರ್ ಫೆರೇರ ಡ ಸಿಲ್ವ ಅವರ ಹಿಂದೆ ಒಂಬತ್ತೇ ಸೆಂಟಿಮೀಟರ್ ಅಂತರದಲ್ಲಿ ಬೆಳ್ಳಿ ಗೆದ್ದರು. ಮುಂದೆ ಅವರು ಶಾಲಾ ಮುಖ್ಯೋಪಾಧ್ಯಾಯರಾಗಿ ಬಾಳಿದರು. 1984ರಲ್ಲಿ ಬ್ಯಾರ್ನಿ ಫ್ರಿಡ್ರಿಕ್ಸನ್ ಜೂಡೋದಲ್ಲಿಯೂ, 2000ದಲ್ಲಿ ವಾಲಾ ಫ್ಲೋಸಾದೊಟ್ಟಿರ್ ಪೋಲ್ ವಾಲ್ಟಿನಲ್ಲಿಯೂ ಕಂಚು ಗಳಿಸಿದರು.

ನಾಲ್ಕನೆಯದಕ್ಕೆ ಬರುವ ಮೊದಲು ಚದುರಂಗವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ದೀರ್ಘವಾದ ಚಳಿಗಾಲದ ಕತ್ತಲೆಯಲ್ಲಿ ಈ ಆಟ ಮನೆಮನೆಯಲ್ಲಿಯೂ ಬೆಳೆದಿದೆ. 1958ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಫ್ರಿಡ್ರಿಕ್ ಓಲಾಫ್ಸನ್ 1978ರಿಂದ 1982ರವರೆಗೆ ವಿಶ್ವ ಚದುರಂಗ ಸಂಸ್ಥೆಯ ಅಧ್ಯಕ್ಷರಾಗಿದ್ದರು. 1972ರಲ್ಲಿ ಅಮೆರಿಕದ ಬಾಬಿ ಫಿಶರ್ ಮತ್ತು ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ ವಿಶ್ವಪಟ್ಟಕ್ಕಾಗಿ ಸೆಣಸಿದ್ದು ರಾಜಧಾನಿ ರೇಕ್ಯಾವಿಕ್‌ನ ಒಳಾಂಗಣ ಕ್ರೀಡಾಂಗಣದಲ್ಲಿಯೇ. ದಶಕಗಳ ನಂತರ ಫಿಶರ್ ಜಪಾನಿನಲ್ಲಿ ಬಂಧನದಲ್ಲಿದ್ದಾಗ, 2005ರಲ್ಲಿ, ಐಸ್‌ಲ್ಯಾಂಡ್ ಸಂಸತ್ತು ಅವರಿಗೆ ಪೌರತ್ವವನ್ನು ನೀಡಿ ಕರೆಸಿಕೊಂಡಿತು. 2008ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡ ಅವರ ಸಮಾಧಿ ಒಂದು ಹಳ್ಳಿಯ ಇಗರ್ಜಿಯ ಅಂಗಳದಲ್ಲಿದೆ.

ಅದೇ 2008ರ ಆಗಸ್ಟಿನಲ್ಲಿ ಬೀಜಿಂಗ್ ಒಲಿಂಪಿಕ್ಸಿನ ಪುರುಷರ ಹ್ಯಾಂಡ್‌ಬಾಲ್ ಉಪಾಂತ್ಯದಲ್ಲಿ ಐಸ್‌ಲ್ಯಾಂಡ್ 36-30ರಿಂದ ಸ್ಪೇನನ್ನು ಸೋಲಿಸಿತು. ಅಂತಿಮ ಪಂದ್ಯದಲ್ಲಿ ಫ್ರಾನ್ಸಿಗೆ 28-23ರಿಂದ ಸೋತರೂ ಬೆಳ್ಳಿ ಕೈಸೇರಿತು. ಓಲಾವುರ್ ಸ್ಟೆಫಾನ್ಸನ್ ನಾಯಕರಾಗಿದ್ದರು. ತಂಡ ಕ್ರೀಡೆಯಲ್ಲಿ ಇಷ್ಟು ಚಿಕ್ಕ ದೇಶ ಒಲಿಂಪಿಕ್ ಪದಕ ಗೆದ್ದದ್ದು ಅದ್ಭುತವೇ ಸರಿ. ಊರೆಲ್ಲ ಬೀದಿಗೆ ಬಂದು ತಂಡವನ್ನು ಸ್ವಾಗತಿಸಿತು. ಆರೇ ವಾರಗಳಲ್ಲಿ, ಅಕ್ಟೋಬರಿನ ಒಂದೇ ವಾರದೊಳಗೆ, ದೇಶದ ಮೂರೂ ದೊಡ್ಡ ಬ್ಯಾಂಕುಗಳು ಕುಸಿದವು. ಬ್ಯಾಂಕಿನ ನೌಕರನಾದ ನನಗೆ ಐಸ್‌ಲ್ಯಾಂಡಿನ ಹೆಸರು ಪರಿಚಯವಾದದ್ದು ಆ ಎರಡನೆಯ ಸುದ್ದಿಯಿಂದಲೇ; ಮೊದಲನೆಯದು ತಿಳಿದದ್ದು ಎಷ್ಟೋ ಕಾಲದ ಮೇಲೆ.

ಕುಸಿತದ ನಂತರ ಅಲ್ಲಿನ ಫುಟ್‌ಬಾಲ್ ಕ್ಲಬ್ಬುಗಳಿಗೆ ಹೊರದೇಶದ ಆಟಗಾರರಿಗೆ ಸಂಬಳ ಕೊಡುವ ಶಕ್ತಿ ಉಳಿಯಲಿಲ್ಲ. ಆ ಸ್ಥಾನಗಳು ಸ್ಥಳೀಯ ಹುಡುಗರ ಪಾಲಾದವು. ಅದಕ್ಕೆ ಸಿದ್ಧರಾದ ಹುಡುಗರು ಅಲ್ಲಿದ್ದರೆಂಬುದೇ ಮುಖ್ಯವಾದ ಸಂಗತಿ. ಮೊದಲು ಅಲ್ಲಿನ ಮಕ್ಕಳು ಜಲ್ಲಿಕಲ್ಲಿನ ಮೈದಾನಗಳಲ್ಲಿ ಆಡುತ್ತಿದ್ದರು. ಚಳಿಗಾಲ ಬಂತೆಂದರೆ ನೆಲ ಹೆಪ್ಪುಗಟ್ಟಿ ಆಟವೇ ನಿಲ್ಲುತ್ತಿತ್ತು. 2000ದಲ್ಲಿ ಕೆಪ್ಲಾವಿಕ್‌ನಲ್ಲಿ ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನವನ್ನೇ ಒಳಗೊಂಡ ಮೊದಲ ಒಳಾಂಗಣ ಭವನ ತೆರೆಯಿತು. ಅನಂತರದ ವರ್ಷಗಳಲ್ಲಿ ಇತರ ಪುರಸಭೆಗಳೂ ಇಂಥ ಭವನಗಳನ್ನು ಕಟ್ಟಿದವು. ಶಾಲೆಗಳ ಪಕ್ಕದಲ್ಲಿಯೇ ಕೃತಕ ಹುಲ್ಲಿನ ನೂರಕ್ಕೂ ಹೆಚ್ಚು ಪುಟ್ಟ ಮೈದಾನಗಳು ಬಂದವು. ಬ್ಯಾಂಕುಗಳು ಮುಳುಗಿದರೂ ಈ ಕಟ್ಟಡಗಳು ಮುಳುಗಲಿಲ್ಲ.

ಭವನಕ್ಕಿಂತಲೂ ನನಗೆ ಹೆಚ್ಚು ಗಮನಾರ್ಹವೆನಿಸುವುದು ತರಬೇತಿಯ ವ್ಯವಸ್ಥೆ. ಎಷ್ಟೋ ದೇಶಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳಿಗೆ ಬಿಡುವಿದ್ದ ತಂದೆಯೊಬ್ಬ ಸೀಟಿ ಊದುತ್ತ ಆಟ ಕಲಿಸುತ್ತಾನೆ; ಒಳ್ಳೆಯ ತರಬೇತುದಾರ ಸಿಗುವುದು ಪ್ರತಿಭೆ ತೋರಿಸಿದವರಿಗೆ ಮಾತ್ರ. ಐಸ್‌ಲ್ಯಾಂಡಿನಲ್ಲಿ ಅತಿ ಕಿರಿಯ ಮಕ್ಕಳ ಗುಂಪಿಗೂ ಯುರೋಪಿಯನ್ ಫುಟ್‌ಬಾಲ್ ಒಕ್ಕೂಟದ ಅರ್ಹತಾಪತ್ರ ಪಡೆದ, ಸಂಬಳ ಪಡೆಯುವ ತರಬೇತುದಾರರನ್ನು ನೇಮಿಸುತ್ತಾರೆ. ಅವರಲ್ಲಿ ಹೆಚ್ಚಿನವರು ಹಗಲು ಬೇರೆ ಉದ್ಯೋಗದಲ್ಲಿರುವವರು. ಕ್ಲಬ್ಬು ಬಡಾವಣೆಯದು, ಒಂದೇ ಕ್ಲಬ್ಬಿನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್, ಬಾಸ್ಕೆಟ್‌ಬಾಲ್ ಎಲ್ಲವೂ ಇರುತ್ತವೆ. ಚೆನ್ನಾಗಿ ಆಡುವ ಮಗುವಿಗೂ ಆಡಲು ಬಾರದ ಮಗುವಿಗೂ ಅದೇ ಮೈದಾನ, ಅದೇ ಗುರು.

ಇದರ ಹಿಂದೆ ಪದಕಗಳಿಗೆ ಸಂಬಂಧವಿಲ್ಲದ ಇನ್ನೊಂದು ಚಿಂತೆಯಿತ್ತು. 1990ರ ದಶಕದಲ್ಲಿ ಯುರೋಪಿನಲ್ಲಿಯೇ ಅತಿ ಹೆಚ್ಚು ಕುಡಿಯುವ ಹದಿಹರೆಯದವರಲ್ಲಿ ಐಸ್‌ಲ್ಯಾಂಡಿನವರೂ ಇದ್ದರು. 1998ರ ಸಮೀಕ್ಷೆಯಲ್ಲಿ 15-16 ವರ್ಷದವರಲ್ಲಿ ಶೇ. 42ರಷ್ಟು ಮಕ್ಕಳು ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿದ್ದಾಗಿ ಒಪ್ಪಿಕೊಂಡರು. ಸಂಶೋಧಕರು ಪ್ರತಿ ವರ್ಷವೂ ಶಾಲೆಗಳಲ್ಲಿ ಸಮೀಕ್ಷೆ ನಡೆಸಿ ಫಲಿತಾಂಶವನ್ನು ಆಯಾ ಊರಿನವರ ಮುಂದಿಟ್ಟರು. 13ರಿಂದ 16 ವರ್ಷದ ಮಕ್ಕಳು ಚಳಿಗಾಲದಲ್ಲಿ ರಾತ್ರಿ ಹತ್ತರ ನಂತರ ಹೊರಗಿರಬಾರದೆಂಬ ಕಾನೂನು ಬಂತು. ತಂದೆತಾಯಂದಿರು ಪರಸ್ಪರ ಒಪ್ಪಂದಕ್ಕೆ ಸಹಿ ಹಾಕಿದರು. ಕ್ರೀಡೆ, ಸಂಗೀತ, ನೃತ್ಯಗಳಿಗೆ ಸರ್ಕಾರದ ಹಣ ಹರಿಯಿತು. ರೇಕ್ಯಾವಿಕ್ ನಗರಸಭೆಯು ಪ್ರತಿ ಮಗುವಿನ ಕ್ಲಬ್ಬಿನ ಶುಲ್ಕಕ್ಕೆಂದೇ 'ವಿರಾಮ ಚೀಟಿ'ಯೊಂದನ್ನು ಕೊಡತೊಡಗಿತು. 2016ರ ಹೊತ್ತಿಗೆ ಆ 42 ಎಂಬ ಅಂಕಿ 5ಕ್ಕೆ ಇಳಿದಿತ್ತು. ದಿನವೂ ಸಿಗರೇಟು ಸೇದುವವರ ಪ್ರಮಾಣ ಶೇ. 23ರಿಂದ 3ಕ್ಕೆ ಬಂದಿತ್ತು. ಅದೇ ಕಾಲದಲ್ಲಿ ಯುರೋಪಿನ ಇತರ ದೇಶಗಳಲ್ಲಿಯೂ ಮಕ್ಕಳ ಕುಡಿತ ಇಳಿದದ್ದರಿಂದ ಎಲ್ಲ ಶ್ರೇಯಸ್ಸನ್ನೂ ಈ ಯೋಜನೆಗೇ ಕೊಡಲಾಗದು. ಆದರೂ ಇಷ್ಟು ದೊಡ್ಡ ಇಳಿತ ಬೇರೆಡೆ ಅಪರೂಪ. ಹತ್ತನೆಯ ತರಗತಿ ಬಂತೆಂದರೆ ಬ್ಯಾಟು ಅಟ್ಟಕ್ಕೇರಿ ಟ್ಯೂಷನ್ನಿನ ಚೀಲ ಹೆಗಲಿಗೇರುವ ನಮ್ಮ ಮನೆಗಳಲ್ಲಿ ಕೂತು ಇದನ್ನು ಓದುವಾಗ, ಅಲ್ಲಿ ಅದೇ ವಯಸ್ಸಿನವರನ್ನು ಮೈದಾನದಲ್ಲಿ ಉಳಿಸಿಕೊಳ್ಳಲು ನಗರಸಭೆ ಹಣ ಕೊಡುತ್ತದೆಂಬುದು ಸ್ವಲ್ಪ ಚುಚ್ಚುತ್ತದೆ.

ಫಲ ಕಂಡದ್ದು ಎಲ್ಲರಿಗೂ ಗೊತ್ತಿರುವಂಥದು. 2012ರಲ್ಲಿ ವಿಶ್ವ ಫುಟ್‌ಬಾಲ್ ಶ್ರೇಯಾಂಕದಲ್ಲಿ 131ನೆಯ ಸ್ಥಾನಕ್ಕೆ ಕುಸಿದಿದ್ದ ತಂಡವು ಸ್ವೀಡನ್ನಿನ ಲಾರ್ಸ್ ಲಾಗರ್‌ಬ್ಯಾಕ್ ಮತ್ತು ವೆಸ್ಟ್‌ಮನ್ನಾ ದ್ವೀಪಗಳ ದಂತವೈದ್ಯ ಹೈಮಿರ್ ಹಾಲ್‌ಗ್ರಿಮ್ಸನ್ ಅವರ ಕೈಯಲ್ಲಿ ಮೇಲೇರಿತು. ನೆದರ್ಲೆಂಡ್ಸನ್ನು ತವರಿನಲ್ಲಿಯೂ ಹೊರಗೂ ಸೋಲಿಸಿ 2016ರ ಯೂರೋ ಕಪ್ಪಿಗೆ ಹೋಯಿತು. ಜೂನ್ 27ರಂದು ಫ್ರಾನ್ಸಿನ ನೀಸ್ ನಗರದಲ್ಲಿ, ಆರಂಭದಲ್ಲಿಯೇ ರೂನಿಯ ಪೆನಾಲ್ಟಿಯಿಂದ ಹಿಂದೆ ಬಿದ್ದರೂ, ಹದಿನೆಂಟು ನಿಮಿಷಗಳೊಳಗೆ ಎರಡು ಗೋಲು ಹೊಡೆದು 2-1ರಿಂದ ಇಂಗ್ಲೆಂಡನ್ನು ಮನೆಗೆ ಕಳಿಸಿತು. ಆ ವೇಳೆ ಐಸ್‌ಲ್ಯಾಂಡಿನಲ್ಲಿ ಟಿ.ವಿ. ನೋಡುತ್ತಿದ್ದವರಲ್ಲಿ ಶೇ. 99.8ರಷ್ಟು ಜನ ಆ ಪಂದ್ಯವನ್ನೇ ನೋಡುತ್ತಿದ್ದರಂತೆ. ಮುಂದಿನ ಪಂದ್ಯದಲ್ಲಿ ಫ್ರಾನ್ಸಿಗೆ 5-2ರಿಂದ ಸೋತರು. 2018ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾದೊಂದಿಗೆ 1-1ರ ಸಮಬಲ ಸಾಧಿಸಿದಾಗ ಮೆಸ್ಸಿಯ ಪೆನಾಲ್ಟಿಯನ್ನು ತಡೆದ ಗೋಲಿ ಹಾನೆಸ್ ಹಾಲ್ಡೋರ್ಸನ್ ವೃತ್ತಿಯಿಂದ ಚಲನಚಿತ್ರ ನಿರ್ದೇಶಕ; ರಕ್ಷಣಾ ಆಟಗಾರರೊಬ್ಬರು ಉಪ್ಪು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು.

ಮಹಿಳೆಯರು ಇದಕ್ಕೂ ಮುಂಚೆ, 2009ರಲ್ಲಿಯೇ, ಯೂರೋ ಕಪ್ ತಲುಪಿದ್ದರು. 2025ರವರೆಗಿನ ಐದೂ ಕೂಟಗಳಲ್ಲಿ ಆಡಿದ್ದಾರೆ. ನಾಯಕಿಯಾಗಿದ್ದ ಸಾರಾ ಬ್ಯೋರ್ಕ್ ಗುನ್ನಾರ್ಸ್‌ದೊಟ್ಟಿರ್ ತಾಯಿಯಾಗುವ ಕಾಲದಲ್ಲಿ ತಮಗೆ ಪೂರ್ಣ ಸಂಬಳ ಕೊಡದ ಫ್ರಾನ್ಸಿನ ಲಿಯೋನ್ ಕ್ಲಬ್ಬಿನ ವಿರುದ್ಧ ವಿಶ್ವ ಫುಟ್‌ಬಾಲ್ ಸಂಸ್ಥೆಯ ನ್ಯಾಯಮಂಡಲಿಗೆ ಹೋಗಿ 2022ರಲ್ಲಿ ಗೆದ್ದರು. ಜಗತ್ತಿನ ಎಲ್ಲ ಆಟಗಾರ್ತಿಯರಿಗೂ ಆಧಾರವಾಗುವ ಆ ತೀರ್ಪನ್ನು ಯಾವ ಪದಕಕ್ಕೂ ಕಡಿಮೆಯೆಂದು ನಾನು ಎಣಿಸುವುದಿಲ್ಲ.

ಪುರುಷರ ತಂಡ ಮತ್ತೆ ಆ ಎತ್ತರವನ್ನು ಮುಟ್ಟಿಲ್ಲ. 2021ರಲ್ಲಿ ಆಟಗಾರರ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಸರಿಯಾಗಿ ನಿರ್ವಹಿಸಲಿಲ್ಲವೆಂಬ ಟೀಕೆಯಿಂದ ಫುಟ್‌ಬಾಲ್ ಸಂಘದ ಅಧ್ಯಕ್ಷರೂ ಇಡೀ ಆಡಳಿತ ಮಂಡಲಿಯೂ ರಾಜೀನಾಮೆ ಕೊಡಬೇಕಾಯಿತು. 2024ರ ಯೂರೋ ಮತ್ತು 2026ರ ವಿಶ್ವಕಪ್, ಎರಡರ ಬಾಗಿಲನ್ನೂ ಉಕ್ರೇನ್ ಮುಚ್ಚಿತು. ವಿಶ್ವಕಪ್ಪಿಗೆ ಅರ್ಹತೆ ಪಡೆದ ಅತಿ ಚಿಕ್ಕ ದೇಶವೆಂಬ ಹೆಗ್ಗಳಿಕೆಯೂ 2025ರ ನವೆಂಬರಿನಲ್ಲಿ ಒಂದೂವರೆ ಲಕ್ಷದಷ್ಟು ಜನರಿರುವ ಕೆರಿಬಿಯನ್ ದ್ವೀಪ ಕುರಸಾವ್‌ಗೆ ಹೋಯಿತು. ದಂತವೈದ್ಯ ಹೈಮಿರ್ 2024ರಲ್ಲಿ ಐರ್ಲೆಂಡ್ ತಂಡದ ತರಬೇತುದಾರರಾಗಿ ನೇಮಕಗೊಂಡರು.