ಕನ್ನಡದಲ್ಲಿ ವಿಜ್ಞಾನ ಹೇಳಿದ ಮೇಷ್ಟರು: ಬೆಳ್ಳಾವೆ ವೆಂಕಟನಾರಣಪ್ಪನವರು

ಹಳೆಯ ಧಾರವಾಡ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿ ದುಂಡಸಿ ಎಂಬುದೊಂದು ಊರುಂಟು. 1956ರವರೆಗೆ ಅದು ಮುಂಬಯಿ ಆಡಳಿತಕ್ಕೆ ಒಳಪಟ್ಟಿತ್ತು. 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಅಂಥ ಊರಿನಲ್ಲಿ ಚಳಿಗಾಲದ ಬೆಳಗ್ಗೆ ಹೊಲದ ಬದುವಿನ ಮೇಲೆ ನಡೆದು ಹೋಗುವ ಹುಡುಗನ ಪಾದಗಳು ತೊಯ್ಯುತ್ತವೆ. ರಾತ್ರಿ ಮಳೆಯಾಗಿಲ್ಲ, ಈ ನೀರು ಎಲ್ಲಿಂದ ಬಂತೆಂದು ಅವನು ಕೇಳಿದರೆ, ಇಬ್ಬನಿ ಬಿದ್ದಿದೆಯೆಂದು ಹಿರಿಯರು ಹೇಳುತ್ತಾರೆ. ಮಾತು ಹಳೆಯದು, ಸುಂದರವಾದದ್ದು. ಆದರೆ ಇಬ್ಬನಿ ನಿಜವಾಗಿಯೂ ಬೀಳುತ್ತದೆಯೆ?

ಲಂಡನ್ನಿನಲ್ಲಿ ವೈದ್ಯನಾಗಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬಾತನು ಈ ಪ್ರಶ್ನೆಯನ್ನು ಹಿಡಿದು ಅನೇಕ ರಾತ್ರಿಗಳನ್ನು ತೋಟದಲ್ಲಿ ಕಳೆದನು. ಉಣ್ಣೆಯ ಸಣ್ಣ ಉಂಡೆಗಳನ್ನು ತೂಗಿ, ಬಯಲಿನಲ್ಲಿಯೂ ಮರೆಯಲ್ಲಿಯೂ ಇಟ್ಟು, ಬೆಳಗ್ಗೆ ಮತ್ತೆ ತೂಗಿ, ಅವು ಎಷ್ಟೆಷ್ಟು ನೀರನ್ನು ಹಿಡಿದುವೆಂದು ನೋಡಿದನು. ಹುಲ್ಲಿನ ಮಧ್ಯೆ ಉಷ್ಣಮಾಪಕವನ್ನಿಟ್ಟು, ಇಬ್ಬನಿ ಕಟ್ಟುವುದಕ್ಕೆ ಮೊದಲೇ ಹುಲ್ಲು ಸುತ್ತಲಿನ ಗಾಳಿಗಿಂತ ತಣ್ಣಗಾಗಿರುತ್ತದೆಂದು ಕಂಡನು. ಮೋಡವಿಲ್ಲದ ರಾತ್ರಿಯಲ್ಲಿ ಎಲೆಗಳು ತಮ್ಮ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತವೆ. ಅವುಗಳನ್ನು ಮುಟ್ಟಿದ ಗಾಳಿಯಲ್ಲಿರುವ ಆವಿ ನೀರಾಗಿ ಅವುಗಳ ಮೇಲೆಯೇ ಕಟ್ಟುತ್ತದೆ. ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆ ಹೊರಮೈಯಲ್ಲಿ ಬೆವರುವುದೂ ಇದೇ ಕಾರಣದಿಂದ. ವೆಲ್ಸನ ಗ್ರಂಥ 1814ರಲ್ಲಿ ಪ್ರಕಟವಾಯಿತು. ಇಂಗ್ಲೀಷು ಕಲಿತು ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ಇದನ್ನು ತಿಳಿಯುವ ದಾರಿ ತೆರೆದಿತ್ತು. ಹೊಲದಲ್ಲಿ ನಿಂತು ಪ್ರಶ್ನೆ ಕೇಳಿದವನು ಉತ್ತರಕ್ಕಾಗಿ ಮೊದಲು ಬೇರೊಂದು ಭಾಷೆಯನ್ನು ಕಲಿತು ಬರಬೇಕೆ? ಈ ಅನ್ಯಾಯವನ್ನು ಕಂಡು, ಅದನ್ನು ಸರಿಪಡಿಸುವುದಕ್ಕೆ ಟೊಂಕ ಕಟ್ಟಿದ ಒಬ್ಬ ಅಧ್ಯಾಪಕರ ವಿಚಾರವನ್ನು ಈ ಹೊತ್ತು ನಾವು ಕೇಳುಗರ ಮುಂದಿಡುತ್ತೇವೆ.

ಬೆಳ್ಳಾವೆ ವೆಂಕಟನಾರಣಪ್ಪನವರು 1872ರಲ್ಲಿ ಜನಿಸಿದರು. ತುಮಕೂರು ಜಿಲ್ಲೆಯ ಬೆಳ್ಳಾವೆ ಅವರ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದರು. ಅವರು ಪಾಠ ಹೇಳುತ್ತಿದ್ದ ಕಾಲವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. 1902ರಲ್ಲಿ ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. 1909ರಲ್ಲಿ ಅದೇ ನಗರದಲ್ಲಿ ತಾತಾ ಅವರ ಹೆಸರಿನ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ದೀಪ ಕನ್ನಡಿಗರ ಬೀದಿಯಲ್ಲಿ ಉರಿಯುತ್ತಿತ್ತು. ಅದು ಏಕೆ ಉರಿಯುತ್ತದೆಂಬ ವಿವರಣೆ ಮಾತ್ರ ಇಂಗ್ಲೀಷಿನ ಪುಸ್ತಕದಲ್ಲಿ ಉಳಿದಿತ್ತು. ತರಗತಿಯಲ್ಲಿ ಕುಳಿತ ಕೆಲವೇ ಮಂದಿ ತರುಣರಿಗೆ ಆ ಪುಸ್ತಕವನ್ನು ಬಿಡಿಸಿ ಹೇಳಿದರೆ ಮೇಷ್ಟರ ಕೆಲಸ ಮುಗಿಯಿತೆಂದು ಭಾವಿಸುವುದು ಸುಲಭವಾಗಿತ್ತು. ವೆಂಕಟನಾರಣಪ್ಪನವರು ಹಾಗೆ ಭಾವಿಸಲಿಲ್ಲ.

1917ರಲ್ಲಿ ಬೆಂಗಳೂರಿನಲ್ಲಿ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯು ಹುಟ್ಟಿತು. ಮರುವರ್ಷ, ಎಂದರೆ 1918ರಲ್ಲಿ, ಸಮಿತಿಯ ವತಿಯಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಟಿತು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ವೆಂಕಟನಾರಣಪ್ಪನವರೂ ಅದರ ಸಂಪಾದಕರು. ವಿಜ್ಞಾನಕ್ಕಾಗಿಯೇ ಮೀಸಲಾದ ಕನ್ನಡ ಪತ್ರಿಕೆಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಲ್ಲುತ್ತದೆ. ದೇಶದ ಇತರ ಕಡೆಗಳಲ್ಲಿಯೂ ಇಂಥದೇ ಯತ್ನಗಳು ನಡೆಯುತ್ತಿದ್ದುವು. ಪ್ರಯಾಗದ ವಿಜ್ಞಾನ ಪರಿಷತ್ತು 1913ರಲ್ಲಿ ಸ್ಥಾಪಿತವಾಗಿ, 1915ರಿಂದ ಹಿಂದಿಯಲ್ಲಿ ಪತ್ರಿಕೆಯನ್ನು ಹೊರಡಿಸತೊಡಗಿತ್ತು; ಮರಾಠಿಯ 'ಸೃಷ್ಟಿಜ್ಞಾನ' 1928ರಲ್ಲಿ ಬಂದಿತು. ಬಂಗಾಳದಲ್ಲಿ ರಾಮೇಂದ್ರಸುಂದರ ತ್ರಿವೇದಿಯವರು ಕಾಲೇಜಿನಲ್ಲಿ ವಿಜ್ಞಾನವನ್ನು ಬೋಧಿಸುತ್ತಲೇ ಬಂಗಾಳಿಯಲ್ಲಿ ಅದನ್ನು ಕುರಿತು ಬರೆಯುತ್ತಿದ್ದರು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗೋಸ್ಕರ ಕ್ರಿಸ್‌ಮಸ್ ಉಪನ್ಯಾಸಗಳು 1825ರಲ್ಲಿಯೇ ಆರಂಭವಾಗಿದ್ದುವು. ವಿದ್ಯುತ್ತಿನ ಮಹಾಸಂಶೋಧಕನಾದ ಫ್ಯಾರಡೆಯೇ ಅಲ್ಲಿ ಒಂದು ಮೇಣದ ಬತ್ತಿಯನ್ನು ಹಚ್ಚಿಟ್ಟು ರಸಾಯನಶಾಸ್ತ್ರವನ್ನೆಲ್ಲ ಮಕ್ಕಳಿಗೆ ಹೇಳಿದನು. ತಿಳಿದದ್ದನ್ನು ಜನರಿಗೆ ತಿಳಿಸುವುದು ವಿದ್ವಾಂಸನ ಗೌರವಕ್ಕೆ ಕುಂದೆಂದು ಆತನು ಎಣಿಸಲಿಲ್ಲ.

ಹೀಗೆ ಕನ್ನಡ ಪತ್ರಿಕೆ ಹೊರಟ ಕಾಲವು ಸುಖದ ಕಾಲವಾಗಿರಲಿಲ್ಲ. 1918ರ ನವೆಂಬರಿನವರೆಗೆ ಯುದ್ಧ. ಅದೇ ವರ್ಷ ದೇಶವನ್ನೆಲ್ಲ ವ್ಯಾಪಿಸಿದ ಇನ್‌ಫ್ಲುಯೆಂಜಾ ಮಾರಿ. ಆ ರೋಗದ ಕಾರಣವನ್ನು ಅಂದಿನ ವೈದ್ಯರೇ ಸರಿಯಾಗಿ ಅರಿತಿರಲಿಲ್ಲ; ಮನುಷ್ಯರಲ್ಲಿ ಅದನ್ನುಂಟುಮಾಡುವ ವೈರಸ್ಸನ್ನು ಪ್ರತ್ಯೇಕಿಸಿದ್ದು 1933ರಲ್ಲಿ. ಭೀತಿಗೊಂಡ ಜನಕ್ಕೆ ನಂಬತಕ್ಕದ್ದು ಯಾವುದು, ನಂಬಬಾರದ್ದು ಯಾವುದು ಎಂದು ತಿಳಿಯಹೇಳುವ ಬರೆಹ ತಮ್ಮ ಭಾಷೆಯಲ್ಲಿಯೇ ಇರಬೇಕಾದದ್ದು ಎಷ್ಟು ಅವಶ್ಯಕವೆಂಬುದನ್ನು ಇಂಥ ಕಾಲಗಳು ಕಲಿಸುತ್ತವೆ.

'ವಿಜ್ಞಾನ' ಪತ್ರಿಕೆಯು ಎರಡು ವರ್ಷ ನಡೆದು 1919ರಲ್ಲಿ ನಿಂತಿತು. 1919ರ ಮೇ 29ರ ಸೂರ್ಯಗ್ರಹಣದ ಸಮಯದಲ್ಲಿ ತೆಗೆದ ಛಾಯಾಚಿತ್ರಗಳು ಐನ್‌ಸ್ಟೈನನ ಸಿದ್ಧಾಂತವನ್ನು ಸಮರ್ಥಿಸಿದುವೆಂಬ ಸುದ್ದಿ ಆ ವರ್ಷದ ಕೊನೆಗೆ ಲೋಕವನ್ನೆಲ್ಲ ಬೆರಗುಗೊಳಿಸಿತು. ಭೌತಶಾಸ್ತ್ರದ ಕಥೆ ಅತ್ಯಂತ ಸ್ವಾರಸ್ಯವಾಗುತ್ತಿದ್ದ ಹೊತ್ತಿಗೆ ಸರಿಯಾಗಿ ಆ ಕಥೆಯನ್ನು ಹೇಳುತ್ತಿದ್ದ ಕನ್ನಡದ ಬಾಯಿ ಮುಚ್ಚಿತು. ಇದು ನಷ್ಟವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಪತ್ರಿಕೆ ನಿಂತರೂ ಸಂಪಾದಕರ ಕೆಲಸ ನಿಲ್ಲಲಿಲ್ಲ. ಅವರು ಕನ್ನಡ ಸಾಹಿತ್ಯ ಪರಿಷತ್ತಿಗಾಗಿ ದುಡಿದರು. 1931ರಲ್ಲಿ ಪರಿಷತ್ತು ಪ್ರಕಟಿಸಿದ ಪಂಪನ 'ವಿಕ್ರಮಾರ್ಜುನ ವಿಜಯ'ದ ಸಂಪಾದನೆಯಲ್ಲಿ ಮುಖ್ಯವಾದ ಶ್ರಮ ಅವರದು. ಭೌತಶಾಸ್ತ್ರದ ಅಧ್ಯಾಪಕರಿಗೂ 10ನೆಯ ಶತಮಾನದ ಚಂಪೂಕಾವ್ಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಮಗೆ ತೋರುವ ಮಟ್ಟಿಗೆ, ಅವೆರಡೂ ಒಂದೇ ಕೆಲಸದ ಎರಡು ಭಾಗಗಳು. ಹೊಸ ವಿಷಯವನ್ನು ಒಂದು ಭಾಷೆಯಲ್ಲಿ ಹೇಳಬೇಕಾದರೆ ಆ ಭಾಷೆಯ ಕಣಜದಲ್ಲಿ ಏನೇನು ಕಾಳಿದೆಯೆಂಬುದನ್ನು ಬಲ್ಲವನಾಗಿರಬೇಕು. ಕನ್ನಡಕ್ಕೆ ಶಾಸ್ತ್ರ ಹೊಸದಲ್ಲ. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು 'ವ್ಯವಹಾರಗಣಿತ', 'ಕ್ಷೇತ್ರಗಣಿತ'ಗಳನ್ನು ಕನ್ನಡದಲ್ಲಿ ರಚಿಸಿ, ವ್ಯಾಪಾರಿಗೂ ಹೊಲ ಅಳೆಯುವವನಿಗೂ ಬೇಕಾದ ಲೆಕ್ಕವನ್ನು ಹೇಳಿದ್ದನು. ಹಳೆಯ ಬರೆಹವನ್ನು ಓದಿ ಪಾಠಾಂತರಗಳನ್ನು ತೂಗುವುದಕ್ಕೂ ಪ್ರಯೋಗಶಾಲೆಯಲ್ಲಿ ಅಳತೆಯನ್ನು ಮೂರು ಸಲ ತೆಗೆದು ನೋಡುವುದಕ್ಕೂ ಬೇಕಾದ ತಾಳ್ಮೆ ಒಂದೇ.

ಪಾರಿಭಾಷಿಕ ಶಬ್ದಗಳ ಮಾತು ಇಲ್ಲಿಯೇ ಬರುತ್ತದೆ. ಕನ್ನಡದಲ್ಲಿ ವಿಜ್ಞಾನ ಬರೆಯಲು ಶಬ್ದಗಳಿಲ್ಲವೆಂಬ ದೂರು ಹಳೆಯದು. ಶಬ್ದಗಳನ್ನು ಟಂಕಿಸಿದರೆ ತೊಂದರೆ ತೀರಿತೆಂಬ ಭ್ರಮೆಯೂ ಅಷ್ಟೇ ಹಳೆಯದು. 'ಆಮ್ಲಜನಕ' ಎಂಬ ಮಾತನ್ನೇ ನೋಡೋಣ. ಆಮ್ಲವನ್ನು ಹುಟ್ಟಿಸುವಂಥದು ಎಂದು ಅದರ ಅರ್ಥ. ಎಲ್ಲ ಆಮ್ಲಗಳಿಗೂ ಈ ವಾಯುವೇ ಕಾರಣವೆಂದು ನಂಬಿ ಫ್ರಾನ್ಸಿನ ಲವಾಸಿಯೇ 18ನೆಯ ಶತಮಾನದಲ್ಲಿ ಇಟ್ಟ ಹೆಸರಿನ ಅನುವಾದವದು. ಉಪ್ಪಿನಿಂದ ತೆಗೆಯುವ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂಬುದನ್ನು 1810ರಲ್ಲಿ ಇಂಗ್ಲೆಂಡಿನ ಡೇವಿ ತೋರಿಸಿದನು. ತಪ್ಪು ತಿದ್ದಿತು, ಹೆಸರು ಉಳಿಯಿತು, ಆ ಹೆಸರೇ ಭಾಷಾಂತರವಾಗಿ ನಮ್ಮ ಪಠ್ಯಪುಸ್ತಕಕ್ಕೆ ಬಂದಿತು. ಹೀಗೆ ಇಬ್ಬನಿ ಬೀಳುತ್ತದೆಂಬ ಹಳ್ಳಿಯವರ ಮಾತಿನಲ್ಲಿಯೂ ಆಮ್ಲಜನಕವೆಂಬ ಪಂಡಿತರ ಮಾತಿನಲ್ಲಿಯೂ ಒಂದೊಂದು ಹಳೆಯ ಊಹೆ ಅಡಗಿದೆ. ಎರಡು ಮಾತುಗಳನ್ನೂ ನಾವು ಬಿಡಬೇಕಾಗಿಲ್ಲ. ಅವುಗಳ ಒಳಗೇನಿದೆಯೆಂದು ಬಿಡಿಸಿ ತೋರಿಸುವವನು ಬೇಕು. ನಿಘಂಟು ಶಬ್ದವನ್ನು ಕೊಡಬಲ್ಲುದು. ಅದರ ಕಥೆಯನ್ನು ಹೇಳುವುದಕ್ಕೆ ಮೇಷ್ಟರೇ ಬೇಕು.

1937ರಲ್ಲಿ ಜಮಖಂಡಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟನಾರಣಪ್ಪನವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಜಮಖಂಡಿ ಆಗ ಉತ್ತರದಲ್ಲಿ ಪ್ರತ್ಯೇಕವಾದೊಂದು ಸಂಸ್ಥಾನ. ಕನ್ನಡನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕಾಲದಲ್ಲಿ, ದಕ್ಷಿಣದ ಮೈಸೂರು ಸೀಮೆಯ ಭೌತಶಾಸ್ತ್ರದ ಅಧ್ಯಾಪಕರು ಕೃಷ್ಣಾತೀರದ ಕಡೆಗೆ ಪಯಣ ಮಾಡಿ ಸಾಹಿತ್ಯದ ಪೀಠದಲ್ಲಿ ಕುಳಿತರು. ಸರ್ಕಾರಗಳ ಗಡಿ ಭಾಷೆಯ ಗಡಿಯಾಗಿರಲಿಲ್ಲ. ಬೆಂಗಳೂರಿನಲ್ಲಿ ಕನ್ನಡದಲ್ಲಿ ಬರೆದದ್ದು ದುಂಡಸಿಯಲ್ಲಿಯೂ ಅರ್ಥವಾಗುತ್ತದೆಂಬ ಭರವಸೆಯೇ ಇಂಥ ಕೆಲಸಗಳಿಗೆಲ್ಲ ಆಧಾರ. ಎರಡು ವರ್ಷಗಳ ತರುವಾಯ, 1939ರಲ್ಲಿ, ಅವರ 'ಜೀವವಿಜ್ಞಾನ' ಪ್ರಕಟವಾಯಿತು. ಆಗ ಅವರಿಗೆ ಸುಮಾರು 67 ವರ್ಷ. ಜೀವನವೆಲ್ಲ ಭೌತಶಾಸ್ತ್ರವನ್ನು ಬೋಧಿಸಿದವರು ಆ ವಯಸ್ಸಿನಲ್ಲಿ ಸಸ್ಯಪ್ರಾಣಿಗಳ ಶಾಸ್ತ್ರವನ್ನು ಕನ್ನಡಿಗರಿಗೆ ಹೇಳಲು ಕುಳಿತದ್ದು, ತಾವು ಸ್ವತಃ ಕಲಿಯುವುದನ್ನು ಅವರು ಬಿಟ್ಟಿರಲಿಲ್ಲವೆಂಬುದಕ್ಕೆ ಸಾಕ್ಷಿ. 1943ರಲ್ಲಿ ಅವರು ತೀರಿಕೊಂಡರು.

ಅವರು ಹಾಕಿದ ದಾರಿ ಅಳಿಸಿಹೋಗಲಿಲ್ಲ. ಕಾಲೇಜಿನ ಗೋಡೆಯಿಂದಾಚೆಗೆ ವಿದ್ಯೆಯನ್ನು ಒಯ್ಯಲು ಬಯಸಿದ ಇನ್ನೊಬ್ಬ ಅಧ್ಯಾಪಕರು, ಮನಶ್ಶಾಸ್ತ್ರದ ಡಾ. ಎಂ. ವಿ. ಗೋಪಾಲಸ್ವಾಮಿಯವರು, 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಆರಂಭಿಸಿದರು. ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ವನ್ನು ಮೂರು ಸಂಪುಟಗಳಲ್ಲಿ ಮಕ್ಕಳ ಕೈಗಿತ್ತರು. ಮುಂದೆ 'ವಿಜ್ಞಾನ ಪ್ರಪಂಚ'ವನ್ನು ನಾಲ್ಕು ಸಂಪುಟಗಳಲ್ಲಿ ಬರೆದರು. ಕಾರಂತರು ಯಾವ ಕಾಲೇಜಿನ ಮೇಷ್ಟರೂ ಅಲ್ಲ. ಅವರನ್ನು ಬಿಟ್ಟರೆ, ಆಮೇಲೆ ಬಂದವರಲ್ಲಿ ಎಷ್ಟೋ ಮಂದಿ ತರಗತಿಯಿಂದಲೇ ಬಂದವರು. ಆರ್. ಎಲ್. ನರಸಿಂಹಯ್ಯನವರು, ಜೆ. ಆರ್. ಲಕ್ಷ್ಮಣರಾಯರು, ಜಿ. ಟಿ. ನಾರಾಯಣರಾಯರು, ಸಸ್ಯಶಾಸ್ತ್ರದ ಬಿ. ಜಿ. ಎಲ್. ಸ್ವಾಮಿಯವರು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು, ಎಲ್ಲರೂ ಅಧ್ಯಾಪಕರೇ. 1978ರಲ್ಲಿ ಹೊರಟ 'ಬಾಲವಿಜ್ಞಾನ'ವು 'ವಿಜ್ಞಾನ' ಪತ್ರಿಕೆಯ ದೂರದ ಮೊಮ್ಮಗಳೆನ್ನಬಹುದು.

ಹೀಗೇಕೆ ಆಯಿತೆಂದು ಯೋಚಿಸಬೇಕು. ಸಂಶೋಧಕನು ಪ್ರಕೃತಿಯನ್ನು ಪ್ರಶ್ನಿಸುತ್ತಾನೆ. ಅಧ್ಯಾಪಕನಾದರೋ ದಿನದಿನವೂ ಎದುರಿಗೆ ಕುಳಿತ ಮುಖಗಳನ್ನು ನೋಡುತ್ತಾನೆ. ಯಾವ ಮಾತಿಗೆ ಕಣ್ಣು ಅರಳಿತು, ಯಾವ ಮಾತಿಗೆ ಮಂಕಾಯಿತು ಎಂಬುದನ್ನು ಬಲ್ಲನು. ತಾನು ಇಂಗ್ಲೀಷಿನಲ್ಲಿ ಹೇಳಿದಾಗ ಮಂಕಾಗಿದ್ದ ಮುಖವು ಕನ್ನಡದ ಒಂದು ಮಾತಿಗೆ ಬೆಳಗಿದುದನ್ನು ಕಂಡವನಿಗೆ ಆಮೇಲೆ ಸುಮ್ಮನಿರುವುದು ಕಷ್ಟ. ವಿಜ್ಞಾನ ಪ್ರಚಾರದ ಉತ್ಸಾಹ ಹುಟ್ಟುವುದು ಹೀಗೆಂದು ನಾವು ನಂಬಿದ್ದೇವೆ.

ಉನ್ನತ ವಿಜ್ಞಾನದ ಬೋಧನೆ ನಮ್ಮಲ್ಲಿ ಇಂದಿಗೂ ಬಹುಮಟ್ಟಿಗೆ ಇಂಗ್ಲೀಷಿನಲ್ಲಿಯೇ ನಡೆಯುತ್ತಿದೆ. ಅದು ಬದಲಾಗಬೇಕೆ, ಎಷ್ಟು ಬದಲಾಗಬೇಕು ಎಂಬ ಚರ್ಚೆ ನಡೆಯುತ್ತಿರಲಿ. ಆ ಚರ್ಚೆ ಮುಗಿಯುವವರೆಗೆ ಹಳ್ಳಿಯ ಮಗುವಿನ ಪ್ರಶ್ನೆ ಕಾಯಬೇಕಾಗಿಲ್ಲ. ಶಾಸ್ತ್ರವನ್ನು ಬಲ್ಲ ಕನ್ನಡಿಗರು ಒಬ್ಬೊಬ್ಬರೂ ತಮಗೆ ಚೆನ್ನಾಗಿ ತಿಳಿದ ಒಂದೇ ಒಂದು ಸಂಗತಿಯನ್ನು ತಮ್ಮ ಮನೆಯ ಅಜ್ಜಿಗೆ ಅರ್ಥವಾಗುವಂತೆ ಹೇಳಲು ಯತ್ನಿಸಿದರೆ, 1918ರಲ್ಲಿ ಆರಂಭವಾಗಿ ಎರಡೇ ವರ್ಷಕ್ಕೆ ನಿಂತ ಆ ಪತ್ರಿಕೆಯ ಕೆಲಸ ಮುಂದುವರಿದಂತಾಗುತ್ತದೆ. ಅದಕ್ಕೆ ಸಮಿತಿಯೂ ಬೇಡ, ಅಚ್ಚುಕೂಟವೂ ಬೇಡ. ವಿಷಯದಲ್ಲಿ ನಿಷ್ಠೆ, ಕೇಳುವವರಲ್ಲಿ ಗೌರವ ಇವೆರಡಿದ್ದರೆ ಸಾಕು.